ಕೆಂಪು ಗೆರೆಯ ಮೂವತ್ತು

"ಅದು ತಪ್ಪು ಲೆಕ್ಕ ಮೇಡಂ. ತುಳಿದ್ರೂ ಅಡ್ಡಿಲ್ಲ."

ಎಸ್ಸೈ ಸರ್ವಮಂಗಳಾ ಮುಂದಿಡಲಿದ್ದ ಕಾಲನ್ನು ಹಿಂದಕ್ಕೆ ತೆಗೆದಳು. ಕಾಫಿ ಒಣಗಿಸುವ ಸಿಮೆಂಟಿನ ಕಣ ಅದು. ಹಗಲಿಡೀ ಹರವಿದ್ದ ಪಾರ್ಚ್‌ಮೆಂಟ್ ಬೀಜವನ್ನು ಒಂದು ಮೂಲೆಗೆ ಗುಡ್ಡೆ ಮಾಡಿ ಟಾರ್ಪಾಲು ಹೊದಿಸಿಯಾಗಿತ್ತು. ಗುಡಿಸಿ ಬರಿದಾದ ಜಾಗದಲ್ಲಿ ಸೀಮೆಸುಣ್ಣದ ಅಂಕಿಗಳು, ಒಂದೊಂದೂ ಅಂಗೈಯಗಲ.

ಬರೆದವಳು ಧನ್ಯಶ್ರೀ, ಎಸ್ಟೇಟಿನ ಜೀಪು ಓಡಿಸುವ ಹಾಲೇಶನ ಮಗಳು. ಮೊದಲ ಪಿಯುಸಿ, ವಿಜ್ಞಾನ. ಕಾಲೇಜಿನ ಯೂನಿಫಾರ್ಮ್ ಇನ್ನೂ ಮೈಮೇಲಿತ್ತು. ಅಪ್ಪ ಆಳುಗಳನ್ನು ಬಿಟ್ಟು ಬರಲು ಹೋಗಿದ್ದಾರೆ, ಬರುವ ಹೊತ್ತಾಯಿತು ಎಂದು ಹೇಳಿ, ಕೆಲಸದವರ ಲೈನ್ ಮನೆಯೊಳಗಿಂದ ಒಂದು ಪ್ಲಾಸ್ಟಿಕ್ ಕುರ್ಚಿ ತಂದಿಟ್ಟಳು.

ಸರ್ವಮಂಗಳಾ ಕುಸಿದಂತೆ ಕೂತಳು. ಬಾಬಾಬುಡನ್‌ಗಿರಿಯ ಬಂದೋಬಸ್ತಿನಿಂದ ನೇರ ಇಳಿದು ಬಂದ ಕಾಲುಗಳು ಬೂಟಿನೊಳಗೆ ಊದಿಕೊಂಡಿದ್ದವು. ತೊಡೆಯ ಮೇಲಿದ್ದ ಫೈಲಿಗೆ ಹಾಲೇಶನ ಒಂದು ಹೇಳಿಕೆ, ಒಂದು ರುಜು ಬಾಕಿ. ಅದಾದರೆ ಓಂಕಾರಪ್ಪನ ಸಾವಿನ ಕೇಸು ಸಿ ರಿಪೋರ್ಟ್ ಆಗುತ್ತದೆ. ಮಾಡಿದವರು ಯಾರೆಂದು ತಿಳಿಯಲಿಲ್ಲ, ಮುಚ್ಚುತ್ತಿದ್ದೇವೆ ಎಂದು ಪೊಲೀಸರು ಕೋರ್ಟಿಗೆ ಹೇಳುವ ಬಗೆ ಅದು.

ಗುಡ್ಡದ ದಾರಿಯ ಮೋರಿಯ ಕೆಳಗೆ ಸಿಕ್ಕಿದ್ದ ಓಂಕಾರಪ್ಪ. ಸಣ್ಣ ಬೆಳೆಗಾರ, ಯಾರ ತಂಟೆಗೂ ಹೋಗದವನು. ಒಂದು ಗುರುವಾರ ಸಂಜೆ ಯಾವುದೋ ಗಾಡಿ ಅವನಿಗೆ ಹೊಡೆದಿತ್ತು. ಹೊಡೆದವನು ಹಾಗೇ ಓಡಿಹೋಗಿರಲಿಲ್ಲ; ಇಳಿದು, ಮೋರಿಯ ತಳಕ್ಕೆ ಎಳೆದು, ಸಿಲ್ವರ್ ಓಕ್ ಎಲೆ ಮುಚ್ಚಿ ಹೋಗಿದ್ದ.

ಆ ಸಂಜೆ ಆ ದಾರಿಯಲ್ಲಿ ಹೋದದ್ದೆಂದು ಖಚಿತವಾಗಿ ತಿಳಿದದ್ದು ಹಾಲೇಶನ ಜೀಪು ಒಂದೇ. ಆದರೆ ಹಾಲೇಶನಿಗೆ ನಿಲ್ಲಲು ಸಮಯವೇ ಇರಲಿಲ್ಲ. ಎಸ್ಟೇಟಿನ ಗೇಟಿನ ಕ್ಯಾಮೆರಾದಿಂದ ಹೆದ್ದಾರಿಯ ಪೆಟ್ರೋಲ್ ಬಂಕಿನ ಕ್ಯಾಮೆರಾದವರೆಗೆ ಆ ದಾರಿಯಲ್ಲಿ ಹನ್ನೆರಡು ಕಿಲೋಮೀಟರ್. ಜೀಪು ತೆಗೆದುಕೊಂಡದ್ದು ಇಪ್ಪತ್ನಾಲ್ಕು ನಿಮಿಷ. ಗಂಟೆಗೆ ಮೂವತ್ತು ಕಿಲೋಮೀಟರಿನಂತೆ ಎಲ್ಲಿಯೂ ನಿಲ್ಲದೆ ಹೋದರೆ ಸರಿಯಾಗಿ ಅಷ್ಟೇ ಬೇಕು.

ಹಾಲೇಶ ಹೋಗುವುದೂ ಮೂವತ್ತರಲ್ಲೇ. ಎಸ್ಟೇಟಿನ ದೊಡ್ಡ ಅಮ್ಮಾವ್ರು ಯುದ್ಧಕಾಲದ ಆ ಜೀಪನ್ನು ಮಗುವಿನಂತೆ ಸಾಕಿದ್ದರು. ಸ್ಪೀಡೋಮೀಟರಿನ ಗಾಜಿನ ಮೇಲೆ, ಮೂವತ್ತರ ನೇರಕ್ಕೆ, ತಮ್ಮ ಉಗುರಿನ ಬಣ್ಣದಿಂದ ಒಂದು ಕೆಂಪು ಗೆರೆ ಎಳೆದು, ಮುಳ್ಳು ಇದನ್ನು ದಾಟಿದ ದಿನ ನಿನ್ನ ಕೆಲಸ ಹೋಯಿತು ಎಂದಿದ್ದರು. ಹಾಲೇಶ ದಾಟಿಸಲೂ ಇಲ್ಲ, ಅದಕ್ಕಿಂತ ಕೆಳಗೆ ಇಳಿಸಲೂ ಇಲ್ಲ. ಮದುವೆಗೂ ಮೂವತ್ತು, ಮಣ್ಣಿಗೂ ಮೂವತ್ತು. ಬಣಕಲ್ ಬಸ್‌ಸ್ಟ್ಯಾಂಡಿನಲ್ಲಿ ಅವನ ಹೆಸರೇ ಮೂವತ್ತು ಹಾಲೇಶ. ಆದ್ರೂ ನಮಗಿಂತ ಮೊದಲು ಹೋಗಿ ಮುಟ್ಟಿರ್ತಾನೆ ಮಾರಾಯ, ಎಂದು ಆಟೋದವರು ನಗುತ್ತಿದ್ದರು.

ಇಡೀ ಊರು ಸಾಕ್ಷಿ ಹೇಳುವ ಆ ಮೂವತ್ತೇ ಅವನನ್ನು ಉಳಿಸಿತ್ತು.

"ಯಾಕೆ ತಪ್ಪು?" ಎಂದು ಸರ್ವಮಂಗಳಾ ಕೇಳಿದಳು. ತಿಳಿಯುವ ಆಸೆಯಿಂದಲ್ಲ. ಮಾತಾಡದೆ ಕೂತರೆ ಕುರ್ಚಿಯಲ್ಲೇ ನಿದ್ದೆ ಹೋಗುವ ಭಯವಿತ್ತು.

ಧನ್ಯಶ್ರೀಗೆ ಅಷ್ಟೇ ಸಾಕಾಯಿತು. ಕಾಲೇಜಿನಲ್ಲಿ ಫಿಸಿಕ್ಸ್ ಸರ್ ಒಂದು ಹೋಂವರ್ಕ್ ಕೊಟ್ಟಿದ್ದರಂತೆ. ಓಡುವ ಯಾವುದಾದರೂ ಒಂದರ ವೇಗವನ್ನು ನೀವೇ ಅಳೆಯಿರಿ. ಸೆಕೆಂಡಿಗೆ ಎಷ್ಟು ಮೀಟರ್ ಎಂದು ಬರೆದು, ಅದನ್ನು ಗಂಟೆಗೆ ಎಷ್ಟು ಕಿಲೋಮೀಟರ್ ಎಂದು ಬದಲಾಯಿಸಿ. ಉಳಿದವರು ಬಸ್ಸು, ಸೈಕಲ್ಲು ಹಿಡಿದರು. ಒಬ್ಬಳು ತನ್ನ ಮನೆಯ ಎಮ್ಮೆಯನ್ನೇ ಹಿಡಿದಳು. ಇವಳು ಹಿಡಿದದ್ದು ಅಪ್ಪನ ಜೀಪು. ಬೆಳಿಗ್ಗೆ ಕಾಲೇಜಿನ ಬಸ್ಸಿಗೆ ಬಿಡುವಾಗ ಪಕ್ಕದಲ್ಲಿ ಕೂತು, ಒಂದು ಕಿಲೋಮೀಟರ್ ಕಲ್ಲಿನಿಂದ ಇನ್ನೊಂದು ಕಲ್ಲಿಗೆ ಮೊಬೈಲಿನಲ್ಲಿ ಸಮಯ ಹಿಡಿದಿದ್ದಳು.

"ಎಪ್ಪತ್ತೈದು ಸೆಕೆಂಡ್ ಬಂತು ಮೇಡಂ. ಮಾರನೇ ದಿನವೂ ಅಷ್ಟೇ, ಅದರ ಮಾರನೇ ದಿನವೂ ಅಷ್ಟೇ."

ಅವಳು ಬಗ್ಗಿ ಸೀಮೆಸುಣ್ಣದ ಮೊದಲ ಸಾಲನ್ನು ತೋರಿಸಿದಳು. ಸಾವಿರ ಮೀಟರನ್ನು ಎಪ್ಪತ್ತೈದರಿಂದ ಭಾಗಿಸಿದರೆ ಸೆಕೆಂಡಿಗೆ ಹದಿಮೂರು ಪಾಯಿಂಟ್ ಮೂರು ಮೂರು ಮೀಟರ್. ಅದನ್ನು ಹದಿನೆಂಟರಿಂದ ಗುಣಿಸಿ ಐದರಿಂದ ಭಾಗಿಸಿದರೆ ಗಂಟೆಗೆ ನಲವತ್ತೆಂಟು ಕಿಲೋಮೀಟರ್.

"ಆದ್ರೆ ಮುಳ್ಳು ಮೂವತ್ತರ ಗೆರೆ ಮೇಲೇ ಇತ್ತು. ನಾನೇ ನೋಡ್ತಾ ಕೂತಿದ್ದೆ."

ಸರ್ ಇವಳನ್ನು ಬೋರ್ಡಿಗೆ ಕರೆದು ಲೆಕ್ಕ ಬರೆಸಿದ್ದರು. ಬರೆದು ಮುಗಿಯುವ ಮೊದಲೇ ಡಸ್ಟರ್ ತೆಗೆದುಕೊಂಡು ಅಳಿಸಿ, ಮುಳ್ಳು ಮೂವತ್ತು ತೋರಿಸಿದರೆ ವೇಗ ಮೂವತ್ತು, ಅದನ್ನು ಐದರಿಂದ ಗುಣಿಸಿ ಹದಿನೆಂಟರಿಂದ ಭಾಗಿಸು, ಎಂಟು ಪಾಯಿಂಟ್ ಮೂರು ಮೂರು ಬರುತ್ತದೆ, ಅದೇ ಉತ್ತರ ಎಂದರು. ಮೊಬೈಲ್ ಒತ್ತಲು ಬರದವಳು ಎಂದು ಹಿಂದಿನ ಬೆಂಚಿನವರು ನಕ್ಕರು. ನಾಳೆ ಟೆಸ್ಟಿಗೆ ಇದೇ ತರದ ಲೆಕ್ಕ ಬರುತ್ತದಂತೆ. ಎಲ್ಲಿ ತಪ್ಪಿದೆ ಎಂದು ಇನ್ನೂ ಸಿಕ್ಕಿರಲಿಲ್ಲ. ಸಿಗದೆ ಊಟ ಇಳಿಯುತ್ತಿರಲಿಲ್ಲ.

ಪೊಲೀಸ್ ಜೀಪಿಗೆ ಒರಗಿ ನಿಂತಿದ್ದ ಕಾನ್‌ಸ್ಟೇಬಲ್ ಯೋಗೇಶ ನಕ್ಕ. "ನಲವತ್ತೆಂಟಾ? ಅಷ್ಟರಲ್ಲಿ ಬಿಟ್ಟಿದ್ರೆ ಅಮ್ಮಾವ್ರು ನಿಮ್ಮಪ್ಪನ್ನ ಕಾಫಿ ಗಿಡಕ್ಕೆ ಕಟ್ಟಿ ಹಾಕ್ತಿದ್ರು ಮಾರಾಯ್ತಿ."

ಸರ್ವಮಂಗಳಾಳಿಗೆ ನಗು ಬರಲಿಲ್ಲ. ಒಮ್ಮೆ ತಪ್ಪಾಗಬಹುದು. ಮೂರು ಬೆಳಿಗ್ಗೆಯೂ ಒಂದೇ ತಪ್ಪು ಬರುವುದು ಹೇಗೆ? ಒಂದು ಸುಳ್ಳನ್ನು ಮೂರು ಸಲ ಕೇಳಿದರೆ ಮೂರು ಬಗೆಯಲ್ಲಿ ಬರುತ್ತದೆ ಎಂಬುದು ಅವಳ ಇಷ್ಟು ವರ್ಷದ ನೌಕರಿ ಕಲಿಸಿದ ಪಾಠ.

"ಆ ನಲವತ್ತೆಂಟು, ಈ ಮೂವತ್ತಕ್ಕೆ ಎಷ್ಟು ಪಟ್ಟು ಆಗುತ್ತೆ? ಮಾಡಿ ನೋಡಮ್ಮ."

ಧನ್ಯಶ್ರೀ ಮೊಣಕಾಲೂರಿ ಕೂತು ಭಾಗಿಸಿದಳು. ಒಂದು. ಚುಕ್ಕೆ. ಆರು. ಅಲ್ಲಿಗೆ ಲೆಕ್ಕ ನಿಶ್ಶೇಷವಾಗಿ ಮುಗಿಯಿತು. ಅವಳ ಕೈ ನೆಲದ ಮೇಲೇ ನಿಂತಿತು.

"ಒಂದು ಪಾಯಿಂಟ್ ಆರು," ಎಂದು ತನಗೇ ಹೇಳಿಕೊಂಡಳು. ಸ್ವಲ್ಪ ಹೊತ್ತಿನ ಮೇಲೆ ಇನ್ನೂ ಮೆಲ್ಲಗೆ, "ಮೈಲಿ."

ಸರ್ವಮಂಗಳಾ ಫೋನ್ ತೆಗೆದಳು. ಜೀಪನ್ನು ಪರಿಶೀಲಿಸಿದ ದಿನ ತೆಗೆದ ಚಿತ್ರಗಳು ಅದರಲ್ಲಿದ್ದವು. ಸ್ಪೀಡೋಮೀಟರಿನ ಚಿತ್ರವನ್ನು ಎರಡು ಬೆರಳಿನಿಂದ ಹಿಗ್ಗಿಸಿದಳು. ಕೆಂಪು ಗೆರೆ ಬಂತು. ಅದರ ಕೆಳಗೆ, ಡಯಲಿನ ತಳದಲ್ಲಿ, ಬಣ್ಣ ಸವೆದ ಮೂರು ಇಂಗ್ಲಿಷ್ ಅಕ್ಷರ: ಎಂ, ಪಿ, ಎಚ್. ಗಂಟೆಗೆ ಇಷ್ಟು ಮೈಲಿ; ಮೈಲಿ ಒಂದಕ್ಕೆ ಒಂದು ಪಾಯಿಂಟ್ ಆರು ಕಿಲೋಮೀಟರ್.

ಈ ಚಿತ್ರವನ್ನು ಅವಳು ಎಷ್ಟು ಸಲ ನೋಡಿದ್ದಳೋ. ನೋಡಿದಾಗಲೆಲ್ಲ ಕಣ್ಣು ಕೆಂಪು ಗೆರೆಗೇ ಹೋಗಿ ನಿಂತಿತ್ತು.

ಬಿಳಿ ದೊರೆಗಳ ಕಾಲದ ಮುಳ್ಳು ತನ್ನ ಪಾಡಿಗೆ ತಾನು ಮೈಲಿಯಲ್ಲೇ ಸುತ್ತುತ್ತಿತ್ತು. ಅದನ್ನು ಅಮ್ಮಾವ್ರು ಕಿಲೋಮೀಟರ್ ಎಂದುಕೊಂಡು ಗೆರೆ ಎಳೆದರು. ಹಾಲೇಶ ಹಾಗೆಂದುಕೊಂಡೇ ಓಡಿಸಿದ. ಊರು ಹಾಗೆಂದುಕೊಂಡೇ ಹೆಸರಿಟ್ಟಿತು. ಪೊಲೀಸರು ಅದನ್ನೇ ಫೈಲಿಗೆ ಹಾಕಿಕೊಂಡರು. ಮೂವತ್ತು ಹಾಲೇಶ ಇಷ್ಟು ವರ್ಷವೂ ಹೋಗುತ್ತಿದ್ದದ್ದು ನಲವತ್ತೆಂಟು ಕಿಲೋಮೀಟರಿನಲ್ಲಿ.

ಮುಂದಿನ ಲೆಕ್ಕಕ್ಕೆ ಸೀಮೆಸುಣ್ಣ ಬೇಕಿರಲಿಲ್ಲ. ಗಂಟೆಗೆ ನಲವತ್ತೆಂಟಾದರೆ ಹನ್ನೆರಡು ಕಿಲೋಮೀಟರಿಗೆ ಕಾಲು ಗಂಟೆ. ಹದಿನೈದು ನಿಮಿಷ. ಕ್ಯಾಮೆರಾ ತೋರಿಸಿದ್ದು ಇಪ್ಪತ್ನಾಲ್ಕು.

ಒಂಬತ್ತು ನಿಮಿಷ ಜೀಪು ಎಲ್ಲೋ ನಿಂತಿತ್ತು.

ಅವಳು ತಲೆ ಎತ್ತಿದಾಗ ಧನ್ಯಶ್ರೀ ಎದ್ದು ನಿಂತಿದ್ದಳು. ಹುಡುಗಿಗೂ ಲೆಕ್ಕ ಮುಗಿದಿತ್ತು. ಅದು ಮುಖದಲ್ಲೇ ಕಾಣುತ್ತಿತ್ತು. ಇಪ್ಪತ್ನಾಲ್ಕು ನಿಮಿಷದ ಕಥೆ ಆ ಮನೆಯಲ್ಲಿ ದಿನವೂ ದೇವರ ಹೆಸರಿನಂತೆ ಹೇಳಿಕೊಂಡು ಬಂದದ್ದಲ್ಲವೇ. ಅವಳು ಬಲಗಾಲನ್ನು ಮೆಲ್ಲನೆ ಮುಂದಕ್ಕೆ ಸರಿಸಿ, ನಲವತ್ತೆಂಟರ ಮೇಲೆ ಇಟ್ಟು, ಅತ್ತಿತ್ತ ಉಜ್ಜಿದಳು.

"ಸರ್ ತಪ್ಪು ಅಂದಿದ್ದಾರೆ ಮೇಡಂ. ಸರ್ ಅಂದ ಮೇಲೆ ತಪ್ಪೇ."

ಸರ್ವಮಂಗಳಾ ಆ ಕಾಲನ್ನೇ ನೋಡುತ್ತ ಕೂತಳು. ಹೌದು ಎಂದುಬಿಡಬಹುದಿತ್ತು. ಫಿಸಿಕ್ಸ್ ಕಲಿಸುವವರೇ ತಪ್ಪು ಎಂದ ಲೆಕ್ಕವನ್ನು ಕೇಳುವವರು ಯಾರು? ರುಜು ಹಾಕಿಸಿಕೊಂಡು, ಮನೆಗೆ ಹೋಗಿ, ಉಪ್ಪು ಹಾಕಿದ ಬಿಸಿನೀರಿನಲ್ಲಿ ಕಾಲಿಟ್ಟು ಕೂರಬಹುದಿತ್ತು. ಸಿಪಿಐ ಸಾಹೇಬರೂ ಬೆಳಗಿನಿಂದ ಫೋನ್ ಮಾಡಿ ಫೈಲ್ ಕಳಿಸಿ, ಫೈಲ್ ಕಳಿಸಿ ಎನ್ನುತ್ತಿದ್ದರು.

ಓಂಕಾರಪ್ಪನ ಹೆಂಡತಿ ಶಂಕರಮ್ಮ ಸಂತೆಯ ದಿನ ಠಾಣೆಗೆ ಬರುತ್ತಾಳೆ. ಚೀಲವನ್ನು ಕಾಲ ಬಳಿ ಇಟ್ಟುಕೊಂಡು ಬೆಂಚಿನ ತುದಿಯಲ್ಲಿ ಕೂರುತ್ತಾಳೆ. ಏನೂ ಕೇಳುವುದಿಲ್ಲ. ಬಸ್ಸಿನ ಹೊತ್ತಾದಾಗ ಎದ್ದು, ಬರ್ತೇನೆ ಎಂದು ಹೇಳಿ ಹೋಗುತ್ತಾಳೆ. ಕೇಳಿದ್ದರೆ ಏನಾದರೂ ಸಬೂಬು ಹೇಳಬಹುದಿತ್ತು.

"ಅಪ್ಪನ್ನ ಕರ್ಕೊಂಡು ಹೋಗ್ತೀರಾ?"

"ನಿಮ್ಮ ಸರ್‌ನ ಒಂದು ಮಾತು ಕೇಳ್ಕೊಂಡು ಬರ್ತೀನಿ," ಎಂದಳು ಸರ್ವಮಂಗಳಾ, ಕುರ್ಚಿಯ ಕೈ ಹಿಡಿದು ಏಳುತ್ತ. "ಲೆಕ್ಕ ತಪ್ಪು ಅಂತ ಅವರು ನನಗೆ ತೋರಿಸಿಕೊಟ್ರೆ, ಇವತ್ತೇ ಮುಗಿಸಿಬಿಡ್ತೀನಿ. ಆಯ್ತಾ?"

ಹಾಗೆ ತೋರಿಸಿಕೊಡಲಿ ಎಂದು ಅವಳೂ ಅರ್ಧ ಮನಸ್ಸಿನಿಂದ ಬಯಸಿದ್ದಳು.

*

ಉಪನ್ಯಾಸಕ ವಿಷ್ಣುಮೂರ್ತಿಯ ಬಾಡಿಗೆ ಮನೆ ಹೆದ್ದಾರಿಯಿಂದ ಸ್ವಲ್ಪ ಒಳಗೆ. ಮನೆಯ ಸುತ್ತ ಇದ್ದದ್ದು ಹತ್ತಿಪ್ಪತ್ತು ಕಾಫಿ ಗಿಡ. ಅಷ್ಟಕ್ಕೇ ಅಂಗಳದಲ್ಲಿ ಹಳೆಯ ಸೀರೆ ಹಾಸಿ ಹಣ್ಣು ಒಣಗಿಸಿದ್ದರು. ಅವರು ಮಣೆಯ ಮೇಲೆ ಕೂತು ಅದರಲ್ಲಿನ ಕಡ್ಡಿ, ಎಲೆ ಆರಿಸುತ್ತಿದ್ದರು. ಐವತ್ತು ದಾಟಿದ ಮನುಷ್ಯ. ಪ್ರತಿ ಮಾತಿಗೂ ಮುಂಚೆ ಒಂದು ಸಣ್ಣ ಕೆಮ್ಮು.

ಪೊಲೀಸರು ಬಂದದ್ದಕ್ಕೆ ಆಶ್ಚರ್ಯ ತೋರಿಸಲಿಲ್ಲ. ಕಾಫಿ ಮಾಡಲು ಎದ್ದರು. ಬೇಡವೆಂದರೂ ಒಳಗೆ ಹೋಗಿ ಎರಡು ಲೋಟ ತಂದರು. ಸರ್ವಮಂಗಳಾ ಜಗುಲಿಯ ಅಂಚಿಗೆ ಕೂತು ಕುಡಿದಳು. ಬೆಲ್ಲ ಹಾಕಿದ ಕಾಫಿ. ಬೆಳಗಿನಿಂದ ಹೊಟ್ಟೆಗೆ ಬಿದ್ದದ್ದು ಅದೇ ಮೊದಲು.

ಧನ್ಯಶ್ರೀಯ ಲೆಕ್ಕದ ಮಾತು ತೆಗೆದಾಗ ವಿಷ್ಣುಮೂರ್ತಿ ಆರಿಸುವ ಕೈ ನಿಲ್ಲಿಸದೆ ಉತ್ತರಿಸಿದರು. ಮೊಬೈಲಿನಲ್ಲಿ ಸಮಯ ಹಿಡಿಯುವ ಮಕ್ಕಳು ಕಲ್ಲು ಕಂಡಾಗ ಒತ್ತುವುದಿಲ್ಲ, ಕಲ್ಲು ದಾಟಿದ ಮೇಲೆ ಒತ್ತುತ್ತಾರೆ. ಹೊಸದಾಗಿ ನೆಟ್ಟ ಕಲ್ಲುಗಳನ್ನೂ ನಂಬುವಂತಿಲ್ಲ. ಮೊದಲ ಪಿಯುಸಿಯಲ್ಲಿ ಎಲ್ಲರೂ ಮಾಡುವ ತಪ್ಪೇ ಅದು. ಹದಿನೆಂಟರಿಂದ ಗುಣಿಸುವ ಕಡೆ ಐದರಿಂದ ಗುಣಿಸುವವರಿಗಿಂತ ಆ ಹುಡುಗಿ ವಾಸಿ.

ಸರ್ವಮಂಗಳಾ ಫೋನನ್ನು ಸೀರೆಯ ಅಂಚಿನ ಮೇಲೆ, ಕಾಫಿ ಹಣ್ಣಿನ ಪಕ್ಕ ಇಟ್ಟಳು. ಹಿಗ್ಗಿಸಿದ ಚಿತ್ರ. ಮೂರು ಅಕ್ಷರ.

ಅವರು ಬಗ್ಗಿ ನೋಡಿದರು. ಕನ್ನಡಕ ಹಾಕಿಕೊಳ್ಳಲಿಲ್ಲ, ಹತ್ತಿರಕ್ಕೆ ತೆಗೆದುಕೊಳ್ಳಲೂ ಇಲ್ಲ. ಓದುವ ಅಗತ್ಯವೇ ಇಲ್ಲದವರ ಹಾಗೆ ನೋಡಿ ಕಣ್ಣು ತೆಗೆದರು.

"ಈ ಪಾಠ ಎಷ್ಟು ವರ್ಷದಿಂದ ಮಾಡ್ತಿದ್ದೀರಿ ಸರ್?"

ಕೆಲಸಕ್ಕೆ ಸೇರಿದಾಗಿನಿಂದ, ಎಂದರು. ಸೇರಿದ್ದು ಕಳಸದ ಕಡೆಯ ಒಂದು ಶಾಲೆಯಲ್ಲಿ.

"ಅಷ್ಟು ವರ್ಷ ಈ ಲೆಕ್ಕ ಮಾಡಿಸಿದವರಿಗೆ ನಲವತ್ತೆಂಟು ಮತ್ತೆ ಮೂವತ್ತು ಪಕ್ಕಪಕ್ಕ ಕಂಡಾಗ ಮೈಲಿ ನೆನಪಾಗಲಿಲ್ಲ ಅಂದ್ರೆ ನಾನು ಹೇಗೆ ನಂಬಲಿ? ಹದಿನಾರು ವರ್ಷದ ಹುಡುಗಿಗೆ ಕಣದಲ್ಲಿ ಕೂತಲ್ಲೇ ನೆನಪಾಯ್ತು."

ವಿಷ್ಣುಮೂರ್ತಿ ಬಹಳ ಹೊತ್ತು ಕೆಮ್ಮಿದರು. ಹೆದ್ದಾರಿಯಲ್ಲಿ ಧರ್ಮಸ್ಥಳದ ಬಸ್ಸೊಂದು ಗೇರು ಬದಲಿಸಿಕೊಂಡು ಏರು ಹತ್ತಿತು. ಯೋಗೇಶ ಕಾಫಿ ಲೋಟ ಹಿಡಿದುಕೊಂಡು ಗೇಟಿನ ಬಳಿಗೆ ಸರಿದು ನಿಂತ.

"ಗೊತ್ತಿತ್ತು," ಎಂದರು ಕೊನೆಗೆ. "ಅವಳು ಎಪ್ಪತ್ತೈದು ಅಂತ ಬರೆಯುವಾಗಲೇ ಗೊತ್ತಾಗಿತ್ತು."

"ಗೊತ್ತಿದ್ದೂ ಅಳಿಸಿದ್ರಿ."

"ಅಳಿಸಿದೆ." ಅವರು ಕೈಯಲ್ಲಿದ್ದ ಕಡ್ಡಿಯನ್ನು ಮುರಿದರು. "ಓಂಕಾರಪ್ಪನ ವಿಷಯ ಊರಿಡೀ ಗುಲ್ಲಾಗಿತ್ತು. ಕ್ಯಾಮೆರಾ, ಇಪ್ಪತ್ನಾಲ್ಕು ನಿಮಿಷ, ಎಲ್ಲರ ಬಾಯಲ್ಲೂ ಅದೇ. ಅದಕ್ಕೇ ಹಾಲೇಶ ಬಚಾವಾದ ಅಂತ ಸ್ಟಾಫ್ ರೂಮಿನಲ್ಲೂ ಮಾತಾಡ್ಕೊಂಡಿದ್ರು. ಅಂಥ ಹೊತ್ತಲ್ಲಿ ಅವನ ಮಗಳೇ ಬಂದು, ಬೋರ್ಡಿನ ಮೇಲೆ, ಅರವತ್ತು ಮಕ್ಕಳ ಎದುರಿಗೆ ನಲವತ್ತೆಂಟು ಅಂತ ಬರೀತಾಳೆ. ಏನು ಬರೀತಿದ್ದೇನೆ ಅಂತ ಅವಳಿಗೆ ಗೊತ್ತಿಲ್ಲ. ನೀವಾಗಿದ್ರೆ ಏನು ಮಾಡ್ತಿದ್ರಿ?"

ಬಹುಶಃ ತಾನೂ ಡಸ್ಟರ್ ತೆಗೆದುಕೊಳ್ಳುತ್ತಿದ್ದೆ ಎಂದು ಸರ್ವಮಂಗಳಾಳಿಗೆ ಅನ್ನಿಸಿತು. ಅನ್ನಿಸಿದ್ದಕ್ಕೆ ತನ್ನ ಮೇಲೇ ಸಣ್ಣ ಬೇಸರವೂ ಬಂತು.

ಹಾಲೇಶನ ಪರಿಚಯ ಎಷ್ಟು ಎಂದು ಕೇಳಿದಳು. ಅಷ್ಟೇನಿಲ್ಲ, ಪೋಷಕರ ಸಭೆಗೆ ಬಂದಾಗ ನೋಡಿದ್ದೇನೆ, ಒಳ್ಳೆಯ ಮನುಷ್ಯ ಎಂದರು. ಹುಡುಗಿಯನ್ನು ಇಂಜಿನಿಯರಿಂಗ್ ಓದಿಸುವ ಆಸೆ ಅವನಿಗೆ. ಇಡೀ ಕಾಲೇಜಿನಲ್ಲಿ ಮೂರು ಸಲ ಅಳೆದು ನೋಡುವ ಬುದ್ಧಿ ಇರುವುದು ಅವಳೊಬ್ಬಳಿಗೇ. ಅಂಥವಳನ್ನು ತಪ್ಪು ಎಂದು ಕೂರಿಸಿದ ದಿನ ತಮಗೆ ಮಧ್ಯಾಹ್ನದ ಬುತ್ತಿ ಬಿಚ್ಚಲಾಗಲಿಲ್ಲವಂತೆ.

ಇದನ್ನೆಲ್ಲ ಠಾಣೆಗೆ ಬಂದು ಹೇಳಬೇಕಾಗುತ್ತದೆ ಎಂದು ಅವಳು ಎದ್ದಳು. ಅವರು ತಲೆಯಾಡಿಸಿದರು. ಗೇಟಿನವರೆಗೂ ಬಂದರು.

"ಹುಡುಗಿಯ ಹೆಸರು ಬರದ ಹಾಗೆ ಬರೆಯೋಕಾಗುತ್ತಾ ಮೇಡಂ? ಲೆಕ್ಕ ನೀವೇ ಮಾಡಿದ್ದು ಅಂತ ಬರ್ಕೊಳ್ಳಿ. ದೊಡ್ಡವಳಾದ ಮೇಲೆ ಅಪ್ಪನ್ನ ಒಳಗೆ ಹಾಕಿಸಿದ್ದು ನಾನೇ ಅನ್ನೋದು ಅವಳ ತಲೇಲಿ ಉಳೀಬಾರದು."

ಒಳ್ಳೆಯ ಮಾತು. ಜೀಪು ಹತ್ತುವಾಗ ಸರ್ವಮಂಗಳಾ ಅದನ್ನೇ ಯೋಚಿಸುತ್ತಿದ್ದಳು. ಇಂಥ ಮಾಸ್ತರು ಎಲ್ಲರಿಗೂ ಸಿಗುವುದಿಲ್ಲ. ಕಣ್ಣು ಎಳೆಯುತ್ತಿತ್ತು. ಇನ್ನು ಉಳಿದದ್ದು ಆ ಒಂಬತ್ತು ನಿಮಿಷ. ಅದನ್ನು ಹೇಳಬೇಕಾದವನು ಒಬ್ಬನೇ.

*

ಬೆಳಕು ಇಳಿಯುತ್ತಿತ್ತು. ಕಣದ ಪಕ್ಕದಲ್ಲಿ ಹಳೆಯ ಜೀಪು ನಿಂತಿತ್ತು. ಬಾನೆಟ್ಟಿನಿಂದ ಇನ್ನೂ ಬಿಸಿ ಹೊಮ್ಮುತ್ತಿತ್ತು. ಹಾಲೇಶ ಕಣದ ಕಟ್ಟೆಯ ಮೇಲೆ ಕೂತಿದ್ದ. ಮುಖ ತೊಳೆದಿರಲಿಲ್ಲ, ಖಾಕಿ ಅಂಗಿ ಬಿಚ್ಚಿರಲಿಲ್ಲ. ಮಗಳು ಎರಡು ಮಾರು ದೂರ ನಿಂತಿದ್ದಳು.

ಅವಳೇ ಅಪ್ಪನಿಗೆ ಎಲ್ಲವನ್ನೂ ಹೇಳಿಬಿಟ್ಟಿದ್ದಳು ಎಂಬುದು ಗೊತ್ತಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

ಸರ್ವಮಂಗಳಾ ಅವನ ಎದುರಿಗೆ ನಿಂತು, ನಿಧಾನವಾಗಿ, ಮಕ್ಕಳಿಗೆ ಹೇಳುವಂತೆ ಇನ್ನೊಮ್ಮೆ ಹೇಳಿದಳು. ಮುಳ್ಳು ತೋರಿಸುವುದು ಮೈಲಿ. ಗೆರೆಯ ಮೇಲೆ ಹೋದರೆ ಬಂಕಿಗೆ ಹದಿನೈದು ನಿಮಿಷದ ದಾರಿ. ನೀನು ಗೆರೆ ಬಿಟ್ಟು ಕೆಳಗೆ ಬರುವವನಲ್ಲ ಎಂದು ನೀನೇ ಹೇಳಿದ್ದೀಯ, ಊರೂ ಹೇಳಿದೆ. ಉಳಿದ ಒಂಬತ್ತು ನಿಮಿಷ ಎಲ್ಲಿದ್ದೆ?

ಹಾಲೇಶ ಜೀಪಿನ ಕಡೆ ನೋಡಿದ. ಅಷ್ಟು ವರ್ಷ ಜೊತೆಗಿದ್ದದ್ದು ತನಗೆ ಹೇಳದೆ ಬೇರೇನೋ ಮಾಡುತ್ತಿತ್ತು ಎಂಬಂತೆ ನೋಡಿದ.

"ನಿಂತಿದ್ದೆ," ಎಂದ.

"ಎಲ್ಲಿ?"

"ಮೋರಿ ಹತ್ರ."

ಧನ್ಯಶ್ರೀ ದುಪಟ್ಟಾದ ತುದಿಯನ್ನು ಮುಷ್ಟಿಯಲ್ಲಿ ಹಿಡಿದಳು.

"ಯಾಕೆ ನಿಂತೆ?"

ಅವನು ತಲೆಯಾಡಿಸಿದ. ಅದನ್ನು ಕೇಳಬೇಡಿ ಎಂದ. ಓಂಕಾರಪ್ಪ ಆಗ ಬದುಕಿದ್ದನೇ ಎಂದು ಕೇಳಿದಳು, ಅದಕ್ಕೂ ತಲೆಯಾಡಿಸಿದ. ಹೌದೆಂದೋ ಅಲ್ಲವೆಂದೋ ತಿಳಿಯಲಿಲ್ಲ. ಹಾಗಾದರೆ ಠಾಣೆಗೆ ಬಾ ಎಂದಳು. ಅವನು ತಕ್ಷಣ ಎದ್ದ. ಯಾವಾಗಲೋ ಎದ್ದು ನಿಲ್ಲಬೇಕಾಗಿದ್ದವನ ಹಾಗೆ, ಒಂದು ಭಾರ ಇಳಿಸಿದವನ ಹಾಗೆ ಎದ್ದ.

ಆಗ ಧನ್ಯಶ್ರೀ ಮುಂದೆ ಬಂದು ಸರ್ವಮಂಗಳಾಳ ಎದುರಿಗೆ ನಿಂತಳು.

"ನಂದೇ ತಪ್ಪು ಮೇಡಂ. ಸರ್ ಹೇಳಿದ ಹಾಗೆ ಎಂಟು ಪಾಯಿಂಟ್ ಮೂರು ಮೂರು ಅಂತ ಅವತ್ತೇ ಬರ್ಕೊಂಡು ಸುಮ್ಮನಿದ್ದಿದ್ರೆ ಇದೆಲ್ಲ ಆಗ್ತಿರ್ಲಿಲ್ಲ. ಶುಕ್ರವಾರ ಬೆಳಿಗ್ಗೆ ಅಷ್ಟು ಸಲ ಹೇಳಿದ್ರು ಅವರು. ಇನ್ನು ಆ ಜೀಪಿನ ಲೆಕ್ಕ ಮಾಡ್ಬೇಡ, ಯಾರ ಹತ್ರಾನೂ ಹೇಳ್ಬೇಡ, ಬೇರೆ ಗಾಡಿ ತಗೋ ಅಂತ."

ಯೋಗೇಶ ಜೀಪಿನ ಹಿಂಬಾಗಿಲು ತೆಗೆಯುತ್ತಿದ್ದ. ಸರ್ವಮಂಗಳಾ ಕೈ ಎತ್ತಿ ಅವನನ್ನು ನಿಲ್ಲಿಸಿದಳು.

"ಯಾವ ಶುಕ್ರವಾರ?"

"ಅದೇ, ಬೋರ್ಡ್ ಅಳಿಸಿದ ಶುಕ್ರವಾರ. ಮೊದಲನೇ ಪೀರಿಯಡ್." ಹುಡುಗಿ ಮೂಗು ಒರೆಸಿಕೊಂಡಳು. "ಅವತ್ತು ಕಾಲೇಜಿನಿಂದ ಬರುವಾಗಲೇ ಅಲ್ವಾ ದಾರೀಲಿ ಜನ ಸೇರಿದ್ದು. ಓಂಕಾರಜ್ಜ ಸಿಕ್ಕಿದ್ರು ಅಂತ."

ಸರ್ವಮಂಗಳಾಳ ನಿದ್ದೆ ಹಾರಿತು. ಗುರುವಾರ ಸಂಜೆ ಸತ್ತ ಓಂಕಾರಪ್ಪ ಹಣ್ಣು ಬಿಡಿಸುವ ಹೆಂಗಸರ ಕಣ್ಣಿಗೆ ಬಿದ್ದದ್ದು ಶುಕ್ರವಾರ ಮಧ್ಯಾಹ್ನ, ಅವರು ನೀರಿಗೆಂದು ಮೋರಿಗೆ ಇಳಿದಾಗ. ಅಲ್ಲಿಯತನಕ ಗಂಡ ಕಳಸದ ತಂಗಿಯ ಮನೆಗೆ ಹೋಗಿದ್ದಾನೆ ಎಂದೇ ಶಂಕರಮ್ಮ ತಿಳಿದಿದ್ದಳು. ಕ್ಯಾಮೆರಾಗಳನ್ನು ನೋಡಿದ್ದು, ಇಪ್ಪತ್ನಾಲ್ಕು ನಿಮಿಷದ ಮಾತು ಹುಟ್ಟಿದ್ದು ಅದಕ್ಕೂ ಎಷ್ಟೋ ದಿನದ ಮೇಲೆ.

ಶುಕ್ರವಾರ ಬೆಳಿಗ್ಗೆ ಊರಿನಲ್ಲಿ ಯಾವ ಗುಲ್ಲೂ ಇರಲಿಲ್ಲ. ಆ ಜೀಪಿನ ವೇಗ ಯಾರನ್ನು ಉಳಿಸುತ್ತದೆ, ಯಾರನ್ನು ಮುಳುಗಿಸುತ್ತದೆ ಎಂದು ಆ ಹೊತ್ತಿನಲ್ಲಿ ತಿಳಿದಿರಬೇಕಾದರೆ, ಮೋರಿಯ ಕೆಳಗೆ ಏನಿದೆ ಎಂದು ಮೊದಲೇ ತಿಳಿದಿರಬೇಕಿತ್ತು.

ಬೆಲ್ಲದ ಕಾಫಿಯ ರುಚಿ ಇನ್ನೂ ಅವಳ ನಾಲಿಗೆಯ ಮೇಲಿತ್ತು.

ಅವಳು ಬಾಯಿ ತೆರೆಯುವ ಮೊದಲೇ ಹಾಲೇಶ ತಿರುಗಿದ. ಅಷ್ಟು ಹೊತ್ತು ಸತ್ತವನಂತೆ ನಿಂತಿದ್ದವನ ಮುಖದಲ್ಲಿ ಈಗ ಹೆದರಿಕೆ ಇತ್ತು.

"ಧನ್ಯಾ, ಒಳಗೆ ಹೋಗು."

ಅವಳು ಅಲುಗಲಿಲ್ಲ.

"ಮೇಡಂ, ನಾನೇ ಹೊಡ್ದದ್ದು. ನಾನೇ ಎಳ್ದು ಹಾಕಿದ್ದು, ನಾನೇ ಎಲೆ ಮುಚ್ಚಿದ್ದು. ಬೇಕಾದ್ರೆ ಇಲ್ಲೇ ಬರ್ಕೊಳ್ಳಿ." ಅವನು ಎರಡು ಕೈಯನ್ನೂ ಜೋಡಿಸಿದ. "ಜೀಪಲ್ಲಿ ನಾನೊಬ್ಬನೇ ಇದ್ದದ್ದು. ಮೇಷ್ಟ್ರು ಇರ್ಲಿಲ್ಲ."

ಧನ್ಯಶ್ರೀ ಅಪ್ಪನ ಮುಖವನ್ನೇ ನೋಡುತ್ತಿದ್ದಳು.

"ಅಪ್ಪ," ಎಂದಳು. "ಸರ್ ಇದ್ರು ಅಂತ ಯಾರು ಹೇಳಿದ್ರು?"